ಬಿಚ್ಚಿದವರೇ ತುಂಬಬೇಕು

ಸ್ನೇಹವೆಂಬುದು ಸಾಮ್ರಾಜ್ಯಗಳನ್ನೇ ಅಲುಗಿಸಬಲ್ಲ ಶಕ್ತಿಯೆಂದು ದೊಡ್ಡವರು ಬರೆದಿಟ್ಟಿದ್ದಾರೆ. ಇರಬಹುದು. ಶಿಕಾರಿಪುರದ ನಮ್ಮ ಮನೆಯಲ್ಲಿ ಮಾತ್ರ ಅದಕ್ಕೆ ಹಿತ್ತಲ ಬಾಗಿಲಿನ ಅಗುಳಿಯನ್ನೂ ಅಲುಗಿಸಲಾಗದೆ ಮೂರು ವರ್ಷ ಸುಮ್ಮನೆ ಕೂರಬೇಕಾಗಿ ಬಂದಿತ್ತು.

ನಮ್ಮ ಮನೆಗೆ ಎರಡು ಬಾಗಿಲು. ಬೀದಿಗೆ ತೆರೆಯುವ ಮುಂಬಾಗಿಲು ಪಡಸಾಲೆಗೆ ಬರುತ್ತಿತ್ತು. ಅದು ಜಂಗಮರಿಗೆ, ಬೀಗರಿಗೆ, ಅಪ್ಪನ ಜವಳಿ ಅಂಗಡಿಯ ದೊಡ್ಡ ಗಿರಾಕಿಗಳಿಗೆ. ಹಿತ್ತಲ ಬಾಗಿಲು ಮಜ್ಜಿಗೆಯವಳಿಗೆ, ಸೌದೆಯವನಿಗೆ ಮತ್ತು ಗಂಡ ಸತ್ತವರಿಗೆ. ಎರಡೂ ಬಾಗಿಲಿನ ಹಕ್ಕಿದ್ದದ್ದು ಬೆಕ್ಕಿಗೆ ಮಾತ್ರ. ಈ ಏರ್ಪಾಡನ್ನು ಮಾಡಿದವಳು ಅಪ್ಪನ ತಾಯಿ, ನಮ್ಮ ಅಜ್ಜಿ. ದೇಶಕ್ಕೆ ಸಂವಿಧಾನ ಬಂದು ಇನ್ನೂ ಹತ್ತು ವರ್ಷ ತುಂಬಿರಲಿಲ್ಲ; ನಮ್ಮ ಮನೆಯಲ್ಲಿ ಅಜ್ಜಿ ಅದಕ್ಕಿಂತ ಬಹಳ ಮೊದಲೇ ಜಾರಿಗೆ ಬಂದಿದ್ದಳು, ಮತ್ತು ಅವಳಲ್ಲಿ ತಿದ್ದುಪಡಿಗೆ ಅವಕಾಶವಿರಲಿಲ್ಲ. ಬೆಳಿಗ್ಗೆ ಎದ್ದು ವಿಭೂತಿ ಹಚ್ಚಿ, ಅಂಗೈಯಲ್ಲಿ ಲಿಂಗವಿಟ್ಟುಕೊಂಡು, ಶಿವಭಕ್ತರಿಗೆ ಯಾವ ಸೂತಕವೂ ಇಲ್ಲವೆಂಬ ಶರಣರ ಮಾತುಗಳನ್ನು ಅವಳು ರಾಗವಾಗಿ ಹೇಳಿಕೊಳ್ಳುತ್ತಿದ್ದಳು. ಪೂಜೆ ಮುಗಿದ ಮೇಲೆ ಎದ್ದು, ಆ ದಿನ ಯಾರು ಯಾವ ಬಾಗಿಲಿನಿಂದ ಬರಬೇಕೆಂದು ತೀರ್ಮಾನಿಸುತ್ತಿದ್ದಳು. ಅಜ್ಜ ತೀರಿಹೋಗಿ ಬಹಳ ವರ್ಷಗಳಾಗಿದ್ದವು; ಅವಳೂ ಗಂಡ ಸತ್ತವಳೇ. ಆದರೆ ಮನೆಯ ಒಳಗೇ ಇದ್ದವಳಿಗೆ ಬಾಗಿಲಿನ ಪ್ರಶ್ನೆ ಏಳುವುದಿಲ್ಲವಲ್ಲ.

ಅವ್ವ ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ಅವಳು ಹುಟ್ಟಿದ್ದು ಸೊರಬ ಸೀಮೆಯ ಉಳವಿಯಲ್ಲಿ, ಅನ್ನ ಉಣ್ಣುವವರ ನಡುವೆ. ಜೋಳದ ರೊಟ್ಟಿ ಅವಳಿಗೆ ಮದುವೆಯೊಂದಿಗೆ ಬಂದ ಶಿಕ್ಷೆ. ವರ್ಷಗಟ್ಟಲೆ ಬಡಿದರೂ ಅವಳ ರೊಟ್ಟಿ ದುಂಡಗಾಗಲಿಲ್ಲ. "ಇದ್ಯಾವ ಊರಿನ ನಕಾಶಿ?" ಎಂದು ಅಜ್ಜಿ ದಿನವೂ ಕೇಳುತ್ತಿದ್ದಳು. ಅವ್ವ ಬಾಯಲ್ಲಿ ಉತ್ತರ ಕೊಡುತ್ತಿರಲಿಲ್ಲ. ಮುಂದಿನ ರೊಟ್ಟಿಯನ್ನು ಇನ್ನಷ್ಟು ಗಟ್ಟಿಯಾಗಿ ಬಡಿಯುತ್ತಿದ್ದಳು. ಆ ಸದ್ದನ್ನು ಕೇಳಿಯೇ ಮನೆಯ ಹವಾಮಾನ ತಿಳಿಯುವುದನ್ನು ನಾನು ಅಕ್ಷರ ಕಲಿಯುವ ಮೊದಲೇ ಕಲಿತಿದ್ದೆ. ಅಪ್ಪನಿಗೂ ಅದು ಗೊತ್ತಿತ್ತು. ಸದ್ದು ಜೋರಾದ ದಿನ ಅವನಿಗೆ ಅಂಗಡಿಯಲ್ಲಿ ತುರ್ತು ಕೆಲಸ ನೆನಪಾಗುತ್ತಿತ್ತು.

ಅವ್ವನ ಹೆಸರು ಗಂಗಾ, ಅವಳ ಗೆಳತಿಯ ಹೆಸರು ನೀಲಮ್ಮ. ನಮಗೆ ಅವಳು ಸೊರಬದ ಚಿಕ್ಕಮ್ಮ. ಉಳವಿಯಲ್ಲಿ ಒಂದೇ ಗೋಡೆಯ ಆಚೆ ಈಚೆ ಹುಟ್ಟಿ, ಒಂದೇ ವರ್ಷ ಮದುವೆಯಾದವರು. ಅವ್ವ ಶಿಕಾರಿಪುರದ ಜವಳಿ ಅಂಗಡಿಗೆ ಬಂದಳು, ನೀಲಮ್ಮ ಸೊರಬ ಪೇಟೆಯ ಒಬ್ಬ ದರ್ಜಿಯನ್ನು ಸೇರಿದಳು. ಮದುವೆಯಾದ ಹೊಸದರಲ್ಲಿ ದೊಡ್ಡ ಯುದ್ಧ ನಡೆದಿತ್ತು, ಜೊತೆಗೆ ಚಳವಳಿಯೂ. ನಮ್ಮ ಸೀಮೆಯಲ್ಲಿ ಆಗ ಪೊಲೀಸರು ಗಂಡಸರ ಪಂಚೆಯ ಮಡಿಕೆಯನ್ನೂ ಬಿಡದೆ ತಡಕುತ್ತಿದ್ದರಂತೆ. ತ್ರಿವರ್ಣದ ಬಾವುಟ ಸಿಕ್ಕರೆ ಸೀದಾ ಜೈಲು. ಆ ಕಾಲದಲ್ಲಿ ಈ ಇಬ್ಬರು ಹೊಸ ಸೊಸೆಯರು ಮಾಡಿದ ಕೆಲಸವನ್ನು ಯಾವ ಪಠ್ಯಪುಸ್ತಕದವರೂ ಬಂದು ಕೇಳಲಿಲ್ಲ. ಆದ್ದರಿಂದ ನಾನೇ ಹೇಳಬೇಕು.

ನಮ್ಮಲ್ಲಿ ಮುತ್ತೈದೆಯೊಬ್ಬಳು ಬೇರೆ ಮನೆಯಿಂದ ಹೊರಟರೆ ಬರಿಗೈಯಲ್ಲಿ ಕಳಿಸುವುದಿಲ್ಲ. ಮಣೆಯ ಮೇಲೆ ಕೂರಿಸಿ, ಅವಳು ಹಿಡಿದ ಸೆರಗಿಗೆ ಅಕ್ಕಿ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅರಿಶಿನದ ಕೊಂಬು, ಎಲೆಅಡಿಕೆ, ಮೇಲೊಂದು ಕುಪ್ಪಸದ ಕಣ ಹಾಕಿ ಉಡಿ ತುಂಬುತ್ತಾರೆ. ಅದನ್ನು ಅವಳು ಸೊಂಟಕ್ಕೆ ಗಂಟು ಕಟ್ಟಿಕೊಂಡು ತನ್ನ ಮನೆಯ ದೇವರ ಮುಂದೆ ಹೋಗಿಯೇ ಬಿಚ್ಚಬೇಕು. ಇಲ್ಲಿಂದ ಅವ್ವ ನೀಲಮ್ಮನ ಉಡಿಯಲ್ಲಿ ಕೇಸರಿಯದೊಂದು, ಬಿಳಿಯದೊಂದು, ಹಸಿರಿನದೊಂದು ಕಣ ಹಾಕಿ ಕಳಿಸುತ್ತಿದ್ದಳು. ಸೊರಬದಲ್ಲಿ ದರ್ಜಿ ಅವನ್ನು ಜೋಡಿಸಿ ಹೊಲಿಯುತ್ತಿದ್ದ. ಮುಂದಿನ ಸಲ ಅವ್ವ ಹೋದಾಗ ಅದೇ ಬಟ್ಟೆ ಬಾವುಟಗಳಾಗಿ, ಅಕ್ಕಿಯ ಅಡಿಯಲ್ಲಿ, ಅವ್ವನ ಉಡಿಯಲ್ಲಿ ಶಿಕಾರಿಪುರಕ್ಕೆ ವಾಪಸು ಬರುತ್ತಿತ್ತು. ಹೆಂಡತಿ ಒಂದೇ ಸಲಕ್ಕೆ ಮೂರು ಬಣ್ಣದ ಕುಪ್ಪಸದ ಕಣ ಯಾಕೆ ಕೇಳುತ್ತಾಳೆಂದು ಅಪ್ಪ ಒಮ್ಮೆಯೂ ಕೇಳಲಿಲ್ಲ. ಕೇಳದೆ ಇರುವುದರಲ್ಲಿ ಅಪ್ಪ ಬಹಳ ಪಳಗಿದವನು. ಅಜ್ಜಿಯಂತೂ, ಸೊರಬದವರು ನಮ್ಮ ಸೊಸೆಗೆ ಎಷ್ಟು ಮರ್ಯಾದೆ ಮಾಡುತ್ತಾರೆ, ಹೋದಾಗಲೆಲ್ಲ ಉಡಿ ತುಂಬಿ ಕಳಿಸುತ್ತಾರೆ ಎಂದು ಬೀದಿಯೆಲ್ಲ ಹೇಳಿಕೊಂಡು ಬರುತ್ತಿದ್ದಳು. ಉಡಿಯಕ್ಕಿಯ ಪಾಯಸ ಮಾಡುವುದು ವಾಡಿಕೆ. ಒಂದು ಸಲ ಹಸಿರು ಬಟ್ಟೆ ಬೆವರಿಗೆ ಬಣ್ಣ ಬಿಟ್ಟು ಪಾಯಸ ತಿಳಿಹಸಿರಾಗಿತ್ತಂತೆ. ಅಜ್ಜಿ ಅದನ್ನು ಎರಡು ಬಟ್ಟಲು ಕುಡಿದು, ಏಲಕ್ಕಿ ಸಿಪ್ಪೆ ಹೆಚ್ಚಾಗಿದೆ ಎಂದಳಂತೆ. ಸ್ವಾತಂತ್ರ್ಯ ಸಂಗ್ರಾಮದಲ್ಲಿ ಅಜ್ಜಿಯ ಪಾತ್ರ ಇಷ್ಟು.

ಒಂದು ದಿನ ನೀಲಮ್ಮ ಸೊರಬದ ಬಸ್‌ಸ್ಟ್ಯಾಂಡಿನಲ್ಲಿ ಅವ್ವನನ್ನು ಶಿಕಾರಿಪುರದ ಬಸ್ಸಿಗೆ ಹತ್ತಿಸಲು ಬಂದಾಗ ಒಬ್ಬ ಪೊಲೀಸ್ ದಫೇದಾರ ಇಬ್ಬರನ್ನೂ ತಡೆದ. ಹಿಂದಿನ ವಾರವಷ್ಟೇ ಯಾರೋ ಟಪಾಲು ಒಯ್ಯುವ ಮೇಲ್ ಬಸ್ಸಿನ ಹಿಂದಿನ ಏಣಿಗೆ ಬಾವುಟ ಕಟ್ಟಿದ್ದರು, ಡ್ರೈವರಿಗೆ ಗೊತ್ತೇ ಆಗದೆ ಅದು ಊರೂರು ಸುತ್ತಿ ಬಂದಿತ್ತು. ಇಲಾಖೆಗೆ ಕೋಪ ಬಂದಿತ್ತು. ಅವ್ವನ ಸೊಂಟದ ಗಂಟು ತೋರಿಸಿ ದಫೇದಾರ ಬಿಚ್ಚು ಎಂದ. ನೀಲಮ್ಮ ಮುಂದೆ ಬಂದು ನಿಂತಳು.

"ಅದು ಉಡಿ ಕಣ್ರೀ ದಫೇದಾರ್ರೇ."

"ಏನೇ ಇರಲಿ. ಬಿಚ್ಚಿಸಮ್ಮ."

"ಬಿಚ್ಚಿ, ಅದಕ್ಕೆಂತ. ಆದ್ರೆ ದಾರೀಲಿ ಉಡಿ ಬಿಚ್ಚಿದವರೇ ಮತ್ತೆ ತುಂಬಬೇಕು. ಅಕ್ಕಿ, ಕೊಬ್ಬರಿ, ಕಣ ಎಲ್ಲಾ ತಂದಿದ್ದೀರೇನು? ತುಂಬಿದ ಮೇಲೆ ನೀವೇ ಇವಳ ತವರಿನವರು. ಹಬ್ಬಕ್ಕೆ ಕರೀಬೇಕು, ಬಾಣಂತನ ಮಾಡ್ಬೇಕು. ಆಗ್ತದಾ ನೋಡಿ."

ದಫೇದಾರ ಸ್ವಲ್ಪ ಹೊತ್ತು ಯೋಚಿಸಿ, ಬಸ್ಸು ಹತ್ತು ಎಂದು ಕೈ ಬೀಸಿದನಂತೆ.

ಇಂಥದೊಂದು ಪದ್ಧತಿ ಭೂಮಿಯ ಮೇಲೆ ಎಲ್ಲಿಯೂ ಇರಲಿಲ್ಲ. ನೀಲಮ್ಮ ಅದನ್ನು ಆ ಕ್ಷಣದಲ್ಲಿ, ಆ ಬಸ್‌ಸ್ಟ್ಯಾಂಡಿನಲ್ಲಿ, ನಿಂತ ಕಾಲಲ್ಲಿ ಹುಟ್ಟಿಸಿದ್ದಳು. ಆದರೆ ಹುಟ್ಟಿದ ಪದ್ಧತಿ ಸುಮ್ಮನಿರುವುದಿಲ್ಲ. ದಫೇದಾರ ಮನೆಗೆ ಹೋಗಿ ಹೆಂಡತಿಗೆ ಹೇಳಿದ. ಸದ್ಯ ಬಿಚ್ಚಲಿಲ್ಲ, ದೊಡ್ಡ ಜವಾಬ್ದಾರಿ ತಪ್ಪಿತು ಎಂದು. ಹೆಂಡತಿ ತನ್ನ ತವರಿನಲ್ಲಿ ಹೇಳಿದಳು. ಅದು ಊರಿಂದೂರಿಗೆ ಹೋಗಿ, ನಾನು ಲಂಗ ಉಡುವ ವಯಸ್ಸಿಗೆ ಬರುವಷ್ಟರಲ್ಲಿ ನಮ್ಮ ಅಜ್ಜಿಯ ಬಾಯಲ್ಲೇ ತಲತಲಾಂತರದ ಶಾಸ್ತ್ರವಾಗಿ ಕುಳಿತಿತ್ತು. ಪಕ್ಕದ ಮನೆಯ ಹುಡುಗಿಯೊಬ್ಬಳು ದಾರಿಯಲ್ಲಿ ಉಡಿಯ ಉತ್ತತ್ತಿ ತಿನ್ನಲು ಗಂಟು ಸಡಿಲಿಸಿದಾಗ ಅಜ್ಜಿ ಅವಳಿಗೆ ಬೈದದ್ದು ನನಗೇ ನೆನಪಿದೆ. "ಬಿಚ್ಚಿದವರ ತುಂಬಬೇಕು ಅನ್ನೋದು ಗೊತ್ತಿಲ್ಲೇನ? ನಮ್ಮ ಅತ್ತಿ ಕಾಲದಿಂದ ನಡಕೊಂಡು ಬಂದೈತಿ." ಅಡಿಗೆಮನೆಯಲ್ಲಿ ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಿಂತಿದ್ದಳು.

ಮುಂದೆ ಸ್ವಾತಂತ್ರ್ಯ ಬಂತು, ಬಾವುಟವನ್ನು ಕಚೇರಿಯವರೇ ಹಾರಿಸತೊಡಗಿದರು, ದರ್ಜಿ ಜ್ವರ ಬಂದು ತೀರಿಕೊಂಡ. ನೀಲಮ್ಮ ಅವನ ಹೊಲಿಗೆ ಮಿಷನ್ನಿನ ಮುಂದೆ ತಾನೇ ಕೂತಳು. ಅದಾದ ಮೇಲೆ ಮೊದಲ ಸಲ ನಮ್ಮ ಮನೆಗೆ ಬಂದಾಗ ಅಜ್ಜಿ ಅವಳನ್ನು ಬಹಳ ಪ್ರೀತಿಯಿಂದ ಮಾತಾಡಿಸಿ ಹಿತ್ತಲಲ್ಲಿ ಕೂರಿಸಿದಳು. ಹೊರಡುವಾಗ ಮಣೆ ಹಾಕಲಿಲ್ಲ. ಚೀಲದಲ್ಲಿ ಅಕ್ಕಿ ಕಟ್ಟಿ ಹಿತ್ತಲ ಬಾಗಿಲಿನಲ್ಲಿ ಕೈಗೆ ಕೊಟ್ಟರು. ಉಡಿಯಲ್ಲಿ ಹೋಗುವ ಅಕ್ಕಿಗಿಂತ ಚೀಲದ ಅಕ್ಕಿ ಜಾಸ್ತಿಯೇ ಇತ್ತು, ಅಜ್ಜಿ ಜಿಪುಣಿಯಲ್ಲ. ನೀಲಮ್ಮ ಚೀಲ ತೆಗೆದುಕೊಂಡು ಹೋದಳು, ಮತ್ತೆ ಮೂರು ವರ್ಷ ಬರಲಿಲ್ಲ. ಅವ್ವ ಹೇಳಿ ಕಳಿಸಿದಾಗಲೆಲ್ಲ ಹೊಲಿಗೆ ಬಹಳ ಇದೆ ಎಂದು ಉತ್ತರ ಬರುತ್ತಿತ್ತು. ಮೂರು ವರ್ಷವೂ ಸೊರಬದ ಹೆಂಗಸರು ಕುಪ್ಪಸ ಹೊಲಿಸುತ್ತಲೇ ಇದ್ದರೆಂದು ನಂಬಲು ನನಗೂ ಕಷ್ಟವಾಗಿತ್ತು.

ಹೀಗಿರುವಾಗ ಶಿಕಾರಿಪುರಕ್ಕೆ ಟೆಂಟ್ ಸಿನಿಮಾ ಬಂತು. ಕೆರೆಯ ಕಡೆಯ ಬಯಲಿನಲ್ಲಿ ಡೇರೆ ಹೊಡೆದು, ಎತ್ತಿನ ಗಾಡಿಗೆ ಬಣ್ಣದ ಹಲಗೆ ಕಟ್ಟಿ ಊರೆಲ್ಲ ಡೋಲು ಬಾರಿಸಿದರು. ಹಳೇ ಕಾಲದ ಪಾಳೆಯಗಾರನೊಬ್ಬನ ಹೆಂಡತಿ ಮತ್ತು ಅವಳ ಬಾಲ್ಯದ ಗೆಳತಿಯ ಕಥೆ. ಶತ್ರುಗಳು ಕೋಟೆಗೆ ಮುತ್ತಿಗೆ ಹಾಕುತ್ತಾರೆ. ಗೆಳತಿಯ ಗಂಡ ಕಾಳಗದಲ್ಲಿ ಸಾಯುತ್ತಾನೆ. ಬಿಳಿ ಸೀರೆಯುಟ್ಟ ಆ ಗೆಳತಿ ತುರುಬಿನಲ್ಲಿ ಗುಟ್ಟಿನ ಓಲೆ ಅಡಗಿಸಿಕೊಂಡು ಶತ್ರುಗಳ ಪಾಳೆಯದ ನಡುವೆಯೇ ನಡೆದುಹೋಗಿ ಕೋಟೆಯನ್ನು ಉಳಿಸುತ್ತಾಳೆ. ಕೊನೆಗೆ ರಾಣಿ ಅವಳನ್ನು ಎಲ್ಲರೆದುರು ಅಪ್ಪಿಕೊಂಡು ತನ್ನ ಪಕ್ಕದಲ್ಲಿ ಸಿಂಹಾಸನದ ಮೇಲೆ ಕೂರಿಸುತ್ತಾಳೆ. ಅಜ್ಜಿ ಇದನ್ನು ನೋಡಿ ಬಂದವಳು ಮಾರನೇ ದಿನ ಮತ್ತೆ ಹೋದಳು, ಅದರ ಮಾರನೇ ದಿನವೂ. ಒಂದು ದಿನ ಆಪರೇಟರು ರೀಲುಗಳನ್ನು ಹಿಂದುಮುಂದು ಹಾಕಿದ್ದರಿಂದ ಸತ್ತ ಗಂಡ ಎದ್ದು ಬಂದು ಊಟಕ್ಕೆ ಕೂತಿದ್ದ. ಅಜ್ಜಿಯ ಅಳುವಿಗೆ ಅದರಿಂದ ಯಾವ ತೊಡಕೂ ಆಗಲಿಲ್ಲ. ರೊಟ್ಟಿ ತಿನ್ನುವಾಗಲೂ ಅದೇ ಮಾತು.

"ಗೆಳತಿ ಅಂದ್ರ ಹಂಗಿರಬೇಕು ನೋಡ. ಬಿಳಿ ಸೀರಿಯಾಕಿನ್ನ ಸಿಂಹಾಸನದ ಮ್ಯಾಲೆ ಕುಂದ್ರಿಸಿದ್ಳು ಆ ಮಹಾತಾಯಿ. ನನಗ ಕರುಳು ಕಿತ್ತು ಬಂತು."

ಅವ್ವ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು. ಅದು ನಮ್ಮ ಮನೆಯಲ್ಲಿ ಬಹಳ ಅಪಾಯದ ಸದ್ದು.

"ಅತ್ತೆ, ನೀಲಾಗೂ ಈ ಸಿನಿಮಾ ತೋರಿಸ್ತೀನಿ. ಕರೆಸ್ತೀನಿ."

ಅಜ್ಜಿ, ಸೊರಬದ ಕಡೆಯ ಕಾಡಿನಲ್ಲಿ ಮಂಗಗಳು ಸಾಯುತ್ತಿವೆಯಂತೆ, ಜನಕ್ಕೂ ಜ್ವರ ಬರುತ್ತಿದೆಯಂತೆ, ಈಗ ಬರುವುದು ಬೇಡವೆಂದಳು. ಮಂಗ ಸತ್ತದ್ದು ಕ್ಯಾಸನೂರಿನ ಕಾಡಿನಲ್ಲಿ, ನೀಲಾ ಇರುವುದು ಪೇಟೆಯಲ್ಲಿ ಎಂದಳು ಅವ್ವ. ಭೂಗೋಳದಲ್ಲಿ ಅಜ್ಜಿ ಸೋತಳು.

ಬಸ್ ಕಂಡಕ್ಟರನ ಮೂಲಕ ಹೋದ ಮಾತಿಗೆ ಅದೇ ಕಂಡಕ್ಟರನ ಮೂಲಕ ಉತ್ತರ ಬಂತು: ಸಿನಿಮಾಕ್ಕೆ ಬರುತ್ತೇನೆ, ಮನೆಗೆ ಬರುವುದಿಲ್ಲ. ಬಂದದ್ದೂ ಹಾಗೇ. ಬಸ್ಸಿನಿಂದ ಇಳಿದವಳು ಸೀದಾ ಡೇರೆಗೆ ನಡೆದಳು. ಹೆಂಗಸರ ಕಡೆಯ ಚಾಪೆಯ ಮೇಲೆ ಅವ್ವ, ಅವಳು, ನಡುವೆ ನಾನು. ಮೂರು ವರ್ಷ ಬಿಟ್ಟು ಕೂಡಿದವರು ಏನು ಮಾತಾಡಿಕೊಂಡಾರೆಂದು ನಾನು ಕಿವಿ ನೆಟ್ಟಗೆ ಮಾಡಿ ಕೂತೆ. ಅವರು ಸಿನಿಮಾ ನೋಡಿದರು. ಗೆಳತಿ ತುರುಬಿನಲ್ಲಿ ಓಲೆ ಸಿಕ್ಕಿಸಿಕೊಳ್ಳುವ ಜಾಗಕ್ಕೆ ಬಂದಾಗ ಡೇರೆಯೆಲ್ಲ ಉಸಿರು ಬಿಗಿಹಿಡಿದಿತ್ತು. ನೀಲಮ್ಮ ಅವ್ವನ ಕಡೆ ತಿರುಗಿ ಮಾಮೂಲಿ ದನಿಯಲ್ಲೇ ಹೇಳಿದಳು:

"ತುರುಬಲ್ಲಿಟ್ಟುಕೊಳ್ತಾಳಲ್ಲೇ ಗಂಗಾ, ಬುದ್ಧಿ ಇಲ್ದೋಳು. ಮೊದಲು ತಡಕೋದೇ ಅಲ್ಲಿ."

ಸುತ್ತಲಿನವರು ಶ್ ಎಂದರು. ಅವ್ವ ನಕ್ಕು ನಕ್ಕು ನನ್ನ ಹೆಗಲ ಮೇಲೆ ಬಿದ್ದಳು. ರಾಣಿ ಗೆಳತಿಯನ್ನು ಸಿಂಹಾಸನದ ಮೇಲೆ ಕೂರಿಸುವಾಗ ಇಬ್ಬರೂ ನಗಲಿಲ್ಲ, ಅಳಲೂ ಇಲ್ಲ. ಆಟ ಮುಗಿಯುವಷ್ಟರಲ್ಲಿ ಸೊರಬಕ್ಕೆ ಬಸ್ಸಿರಲಿಲ್ಲ. ನೀಲಮ್ಮ ನಮ್ಮ ಮನೆಗೆ ಬಂದು, ಹಿತ್ತಲ ಬಾಗಿಲಿನಿಂದ ಒಳಬಂದು, ಕಟ್ಟಿಗೆ ಕೋಣೆಯ ಪಕ್ಕದಲ್ಲಿ ಮಲಗಿದಳು.

ಬೆಳಿಗ್ಗೆ ಅಜ್ಜಿ ಅವಳಿಗೆ ತಾನೇ ಬೆಣ್ಣೆ ಹಾಕಿ ರೊಟ್ಟಿ ಕೊಟ್ಟಳು. ಸಿನಿಮಾದ ವಿಚಾರ ಕೇಳಿ, ಸಿಂಹಾಸನದ ಜಾಗ ಬಂದಾಗ ಮತ್ತೊಮ್ಮೆ ಕಣ್ಣೊರೆಸಿಕೊಂಡಳು. ಹಾಗೇ ಕಣ್ಣೊರೆಸುತ್ತ, ಮಧ್ಯಾಹ್ನದ ಬಸ್ಸಿಗೆ ಹೊರಡುತ್ತಾಳೆ, ಚೀಲದಲ್ಲಿ ಅಕ್ಕಿ ಕಟ್ಟಿಡು ಎಂದು ಅವ್ವನಿಗೆ ಹೇಳಿದಳು. ಅಜ್ಜಿ ಪಡಸಾಲೆಗೆ ಹೋದ ಮೇಲೆ ನೀಲಮ್ಮ ಕೈತೊಳೆದು ಅವ್ವನ ಹತ್ತಿರ ಬಂದು ನಿಂತಳು.

"ಚೀಲ ಬೇಡ ಗಂಗಾ. ಬರಿಗೈಲಿ ಹೋಗ್ತೀನಿ. ಸಿಟ್ಟಿಲ್ಲ ಮಾರಾಯ್ತಿ. ಆದ್ರೆ ಇನ್ನು ಕರೀಬೇಡ. ಕರೆದ್ರೆ ಬರ್ಬೇಕು ಅನ್ನಿಸ್ತದೆ, ಬಂದ್ರೆ ಹಿಂಗೆ ಹೋಗ್ಬೇಕು."

ಅವ್ವ ಖಾಲಿ ಚೀಲವನ್ನು ಗೂಟಕ್ಕೆ ಸಿಕ್ಕಿಸಿದಳು. ನನ್ನನ್ನು ಕರೆದು, ಅಂಗಡಿಗೆ ಹೋಗಿ ಅಪ್ಪನಿಂದ ಒಂದು ಕುಪ್ಪಸದ ಕಣ ಇಸಿದುಕೊಂಡು ಬಾ ಎಂದಳು. ಯಾರಿಗೆ ಎಂದು ಅಪ್ಪ ಕೇಳಿದರೆ ಏನನ್ನಲಿ ಎಂದೆ. ಕೇಳುವುದಿಲ್ಲ ಹೋಗು ಎಂದಳು. ಅಪ್ಪ ಕೇಳಲಿಲ್ಲ. ಸೊರಬದ ಚಿಕ್ಕಮ್ಮ ಇದ್ದಾಳಾ ಎಂದಷ್ಟೇ ಅಂದ. ಹೂಂ ಎಂದೆ. ಗಂಡ ಸತ್ತವರಿಗೆ ಕೊಡುವ ಬೂದು ಬಣ್ಣದ ಕಣಗಳು ಕೆಳಗಿನ ಹಲಗೆಯಲ್ಲಿದ್ದವು. ಅಪ್ಪ ಸ್ಟೂಲು ಹತ್ತಿ ಮೇಲಿನ ಹಲಗೆಯಿಂದ ದಟ್ಟ ಹಸಿರಿನದೊಂದು ತೆಗೆದು, ಮಡಚಿ ಕೊಟ್ಟು, ಬೇಗ ಹೋಗು ಎಂದ. ನಮ್ಮಪ್ಪ ತನ್ನ ತಾಯಿಯ ವಿರುದ್ಧ ಮಾಡಿದ ಬಂಡಾಯಗಳಲ್ಲಿ ನನಗೆ ಗೊತ್ತಿರುವುದು ಇದೊಂದೇ. ಅದನ್ನೂ ಅವನು ಸ್ಟೂಲಿನ ಮೇಲೆ ನಿಂತು, ಗೋಡೆಯ ಕಡೆ ಮುಖ ಮಾಡಿಯೇ ಮಾಡಿದ.

ನಾನು ಬರುವಷ್ಟರಲ್ಲಿ ಅವ್ವ ನಡುಮನೆಯಲ್ಲಿ, ದೇವರ ಜಗುಲಿಯ ಮುಂದೆ ಮಣೆ ಹಾಕಿದ್ದಳು. ತಟ್ಟೆಯಲ್ಲಿ ಅಕ್ಕಿ, ಕೊಬ್ಬರಿ, ಉತ್ತತ್ತಿ, ಅರಿಶಿನ. ಅಜ್ಜಿ ಪಡಸಾಲೆಯಿಂದ ಎದ್ದು ಬಂದು ಹೊಸ್ತಿಲಲ್ಲಿ ನಿಂತಳು.

"ಯಾರಿಗವ್ವ ಮಣಿ?"

"ನೀಲಾಗೆ."

"ಗಂಗಾ, ತೆಲಿ ನೆಟ್ಟಗೈತೇನ? ಗಂಡ ಇಲ್ಲದಾಕಿಗೆ ಉಡಿ ತುಂಬ್ತಾರೇನ? ಊರು ಏನಂತೈತಿ?"

"ಊರೆಲ್ಲ ಡೇರೇಲಿ ಅಳ್ತಾ ಕೂತಿತ್ತಲ್ಲ ಅತ್ತೆ. ನೀವೂ ಅಲ್ಲೇ ಇದ್ರಿ."

"ಅದು ಸಿನಿಮಾ."

"ಹೌದು. ಅದರಲ್ಲಿ ಅವಳು ತುರುಬಲ್ಲಿ ಓಲೆ ಇಟ್ಕೊಂಡು ಹೋದ್ಲು. ಇವಳು ನನ್ನ ಉಡೀಲಿ ಬಾವುಟ ಇಟ್ಟು, ದಫೇದಾರನ ಮುಂದೆ ಅಡ್ಡ ನಿಂತ್ಲು. ನೀವು ಪಾಯಸ ಕುಡಿದ್ರಲ್ಲ, ಹಸಿರುದು, ಏಲಕ್ಕಿ ಸಿಪ್ಪೆ ಅಂದ್ರಿ. ಅದು ಬಾವುಟದ ಬಣ್ಣ."

ಹದಿನೈದು ವರ್ಷದ ಹಿಂದಿನ ಪಾಯಸ ಅಜ್ಜಿಯ ಮುಖದಲ್ಲಿ ಒಂದು ಕ್ಷಣ ಹಾದುಹೋಯಿತು. ಆದರೆ ಅವಳು ಅಷ್ಟಕ್ಕೆಲ್ಲ ಕೋಟೆ ಬಿಟ್ಟುಕೊಡುವವಳಲ್ಲ. ಈ ಉಡಿ ತುಂಬಿದರೆ ತಾನು ಇಂದಿನಿಂದ ಈ ಮನೆಯಲ್ಲಿ ಒಂದು ತುತ್ತು ಉಣ್ಣುವುದಿಲ್ಲ, ಆ ಹೆಂಗಸೂ ಈ ಹೊಸ್ತಿಲು ಮತ್ತೆ ತುಳಿಯುವುದು ಬೇಡವೆಂದಳು. ನೀಲಮ್ಮ ಹಿಂದೆ ಸರಿದು, ನನ್ನ ಸಲುವಾಗಿ ಮನೆ ಒಡೆಯಬೇಡ ಗಂಗಾ, ಬಿಡು ಎಂದಳು.

"ಕೂತ್ಕೋ," ಅಂದಳು ಅವ್ವ. "ಸೆರಗು ಹಿಡಿ."

ನೀಲಮ್ಮ ಕೂತಳು. ಸೆರಗು ಹಿಡಿದಳು. ಅವ್ವ ಬೊಗಸೆ ಬೊಗಸೆ ಅಕ್ಕಿ ಹಾಕಿದಳು, ಕೊಬ್ಬರಿ ಬಟ್ಟಲಿಟ್ಟಳು, ಹಸಿರು ಕಣವಿಟ್ಟಳು, ಸೆರಗನ್ನು ಮಡಚಿ ಸೊಂಟಕ್ಕೆ ಗಂಟು ಬಿಗಿದಳು. ರೊಟ್ಟಿಯಲ್ಲಿ ಎಂದೂ ಸಿಗದ ದುಂಡು ಆ ಗಂಟಿನಲ್ಲಿ ಬಂದಿತ್ತು.

"ಬಿಚ್ಚ ಅದನ್ನ," ಅಂದಳು ಅಜ್ಜಿ.

"ನಾ ಬಿಚ್ಚಲ್ಲ."

"ನಾನ ಬಿಚ್ತೀನಿ."

ಅಜ್ಜಿ ಹೊಸ್ತಿಲು ದಾಟಿ ಬಂದು ನೀಲಮ್ಮನ ಸೊಂಟಕ್ಕೆ ಕೈ ಹಾಕಿದಳು. ನೀಲಮ್ಮ ಸರಿಯಲಿಲ್ಲ, ಸೆರಗು ಎಳೆದುಕೊಳ್ಳಲಿಲ್ಲ. ಬಸ್‌ಸ್ಟ್ಯಾಂಡಿನಲ್ಲಿ ಹೇಳಿದ ದನಿ ಇದೇ ಇದ್ದಿರಬೇಕೆಂದು ನನಗೆ ಆಮೇಲೆ ಅನ್ನಿಸಿತು.

"ಬಿಚ್ಚಿ ಅಮ್ಮ. ಆದ್ರೆ ಬಿಚ್ಚಿದವರೇ ತುಂಬಬೇಕು."

ಅಜ್ಜಿಯ ಬೆರಳು ಗಂಟಿನ ಮೇಲೆ ನಿಂತಿತು. ಅವಳೊಳಗೆ ಏನು ನಡೆಯಿತೆಂದು ನನ್ನ ಆ ವಯಸ್ಸಿಗೂ ತಿಳಿಯಿತು, ಏಕೆಂದರೆ ಅವಳ ಕಾನೂನುಗಳನ್ನು ನಾನೂ ಬಾಯಿಪಾಠ ಮಾಡಿದವಳು. ಬಿಚ್ಚಿದರೆ ತುಂಬಬೇಕು, ಅದು ಅವಳ ಅತ್ತೆಯ ಕಾಲದ ಶಾಸ್ತ್ರ, ಬೀದಿಗೆಲ್ಲ ಅವಳೇ ಸಾರಿದ್ದು. ತುಂಬೋಣವೆಂದರೆ ಗಂಡ ಸತ್ತವಳು ಇನ್ನೊಬ್ಬರಿಗೆ ಉಡಿ ತುಂಬುವಂತಿಲ್ಲ. ಅದೂ ಅವಳದೇ ಶಾಸ್ತ್ರ. ಬಿಚ್ಚಿ ತುಂಬದೆ ಬಿಟ್ಟರೆ ಒಂದು ಮುರಿಯುತ್ತದೆ, ತುಂಬಿದರೆ ಇನ್ನೊಂದು. ಮುಟ್ಟದೆ ಬಿಟ್ಟರೆ ಎರಡೂ ಉಳಿಯುತ್ತವೆ. ದಫೇದಾರ ಬಸ್‌ಸ್ಟ್ಯಾಂಡಿನಲ್ಲಿ ಎಷ್ಟು ಹೊತ್ತು ಯೋಚಿಸಿದ್ದನೋ ಗೊತ್ತಿಲ್ಲ. ಅಜ್ಜಿಗೆ ಅವನಿಗಿಂತ ಹೆಚ್ಚು ಹೊತ್ತು ಬೇಕಾಯಿತು. ಅವ್ವ ನಿಜ ಹೇಳಿಬಿಡಬಹುದಿತ್ತು: ಆ ಶಾಸ್ತ್ರವನ್ನು ಹುಟ್ಟಿಸಿದವಳು ನಿಮ್ಮೆದುರಿಗೇ ಮಣೆಯ ಮೇಲೆ ಕೂತಿದ್ದಾಳೆ ಎಂದು. ಹೇಳಲಿಲ್ಲ. ಅಜ್ಜಿ ಬದುಕಿರುವ ತನಕವೂ ಯಾರೂ ಹೇಳಲಿಲ್ಲ. ಮುಂದಿನ ಜೀವನದಲ್ಲಿ ಅನೇಕ ಕಚೇರಿಗಳ ಅನೇಕ ಮೇಜುಗಳ ಮುಂದೆ ನಿಂತಾಗ, ಇದು ನಿಯಮ ಎಂದವರಿಗೆಲ್ಲ ನಾನು ಯಾರು ಮಾಡಿದ ನಿಯಮ, ಯಾವಾಗ ಮಾಡಿದ್ದು ಎಂದು ಕೇಳುವ ಚಟ ಬೆಳೆಸಿಕೊಂಡೆ. ಅದರಿಂದ ನನಗೆ ಬಹಳ ತೊಂದರೆಯಾಗಿದೆ. ಚಟ ಹತ್ತಿದ್ದು ಆ ನಡುಮನೆಯಲ್ಲಿ.

ಅಜ್ಜಿ ಕೈ ತೆಗೆದಳು. ಕೊಬ್ಬರಿ ಬಟ್ಟಲು ಸಣ್ಣದು, ನಮ್ಮ ಮನೆಗೆ ತಕ್ಕದ್ದಲ್ಲ ಎಂದು ಗೊಣಗುತ್ತ ಪಡಸಾಲೆಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಕೂತಳು. ಒಂದು ತುತ್ತೂ ಉಣ್ಣುವುದಿಲ್ಲವೆಂಬ ಪ್ರತಿಜ್ಞೆಯನ್ನು ಅವಳು ಸಂಜೆಯ ಆಟದ ತನಕ ನಡೆಸಿದಳು. ಖಾಲಿ ಹೊಟ್ಟೆಯಲ್ಲಿ ಅಳುವುದು ಕಷ್ಟವೆಂದು ಆಮೇಲೆ ಸಡಿಲಿಸಿದಳು. ಅವ್ವನ ಜೊತೆ ಮಾತ್ರ ಆ ತಿಂಗಳೆಲ್ಲ ಬೆಕ್ಕಿನ ಮೂಲಕವೇ ಮಾತಾಡಿದಳು. ಅವ್ವನೂ ಬೆಕ್ಕಿಗೇ ಉತ್ತರ ಕೊಟ್ಟಳು.

ಮಧ್ಯಾಹ್ನ ಅವ್ವ ಮುಂಬಾಗಿಲಿನ ಎರಡೂ ಕದಗಳನ್ನು ತೆರೆದಳು. ಪಡಸಾಲೆಯಲ್ಲಿ ಅಜ್ಜಿ ಕೂತಲ್ಲಿಂದ ಏಳಲಿಲ್ಲ, ಕಾಲನ್ನು ಮಾತ್ರ ಒಳಗೆ ಎಳೆದುಕೊಂಡು ದಾರಿ ಬಿಟ್ಟಳು. ನೀಲಮ್ಮ ಮಾಸಲು ಬಿಳಿ ಸೀರೆಯಲ್ಲಿ, ತುಂಬಿದ ಉಡಿಯೊಂದಿಗೆ ಬೀದಿಗೆ ಇಳಿದಳು. ಎದುರುಮನೆಯ ಕಟ್ಟೆಯ ಮೇಲಿದ್ದ ಹೆಂಗಸರ ಮಾತು ನಿಂತಿತು. ಅವ್ವ ಅವಳ ಪಕ್ಕದಲ್ಲಿ, ಬೇಕೆಂದೇ ನಿಧಾನವಾಗಿ, ಬೀದಿಯ ನಟ್ಟನಡುವೆ ಬಸ್‌ಸ್ಟ್ಯಾಂಡಿನ ತನಕ ನಡೆದಳು. ನಾನು ಹಿಂದಿನಿಂದ ಹೋದೆ.

ದಾರಿಯಲ್ಲಿ ಆ ಉಡಿಯನ್ನು ಯಾರೂ ಬಿಚ್ಚಲಿಲ್ಲ. ಮುಂದಿನ ದೀಪಾವಳಿಗೆ ನೀಲಮ್ಮ ಮುಂಬಾಗಿಲಿನಿಂದ ಬಂದಳು.